ತೊಣ್ಣೂರಿಗೆ ಹೋದರೆ ಮೊದಲು ಊರು, ಆಮೇಲೆ ಕೆರೆ

ಮಂಡ್ಯ ಜಿಲ್ಲೆಯ ತೊಣ್ಣೂರಿಗೆ ಬಂದವರೆಲ್ಲ ಸೀದಾ ನೀರಿನ ಕಡೆಗೇ ಓಡುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಕೆರೆ ಮುಂದೆ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಊರೊಳಗೆ ಬರುವಷ್ಟರಲ್ಲಿ ಗುಡಿ ಬಾಗಿಲು ಹಾಕಿತ್ತು. ಅವತ್ತಿನಿಂದ ನನ್ನ ಕ್ರಮ ಒಂದೇ. ಬೆಳಿಗ್ಗೆ ಊರು, ಸಂಜೆ ಕೆರೆ.

ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಹೋದರೆ ಸುಮಾರು 40 ಕಿ.ಮೀ. ಬಸ್ಸಿನವರು ಪಾಂಡವಪುರದಲ್ಲಿ ಇಳಿದು ಬದಲಾಯಿಸಬೇಕು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡೇ ಹೊರಡಿ.

ಮೊದಲು ನಂಬಿನಾರಾಯಣನ ಗುಡಿ. ಹೊಯ್ಸಳರದ್ದು ಎಂದರೆ ಬೇಲೂರಿನ ಕುಸುರಿ ಕೆಲಸ ನೆನಪಾಗುತ್ತದೆ ಅಲ್ವಾ? ಇಲ್ಲಿ ಅದಿಲ್ಲ. ಗಟ್ಟಿ ಕಲ್ಲು, ಸಾದಾ ಗೋಡೆ, ದೊಡ್ಡ ಕಂಬಗಳು. ನನಗೆ ಇದೇ ಜಾಸ್ತಿ ಇಷ್ಟ. ಕಂಬದ ನೆರಳಲ್ಲಿ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಎದುರಿಗೇ ಕೃಷ್ಣನ ಗುಡಿ ಇದೆ, ಅದನ್ನೂ ನೋಡಿ.

ಆಮೇಲೆ ಯೋಗನರಸಿಂಹನ ಗುಡಿಗೆ ಹತ್ತಿ. ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮೊದಲು ಈ ಊರಲ್ಲಿದ್ದರು. ಇಲ್ಲಿ ಸಾವಿರ ಜೈನ ಪಂಡಿತರ ಜೊತೆ ವಾದಕ್ಕೆ ಕೂತಾಗ ಪರದೆಯ ಹಿಂದೆ ಆದಿಶೇಷನ ರೂಪ ತಾಳಿ, ಸಾವಿರ ಬಾಯಿಂದ ಉತ್ತರ ಕೊಟ್ಟರು ಎಂಬ ಕಥೆಯಿದೆ. ಹೆಡೆ ಬಿಚ್ಚಿದ ಹಾವಿನ ಕೆಳಗೆ ಕೂತ ಅವರ ಮೂರ್ತಿಯನ್ನು ಇಲ್ಲಿ ತಪ್ಪದೆ ಕೇಳಿ ನೋಡಿ. ಊರಲ್ಲಿ ಹಳೆಯ ದರ್ಗಾ ಒಂದಿದೆ. ಚಪ್ಪಲಿ ಬಿಟ್ಟು, ಅಲ್ಲಿಗೂ ಹೋಗಿ ಬನ್ನಿ.

ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಕೆರೆಯ ಏರಿ ಹತ್ತಿ. ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಕಟ್ಟಿ ನೀರು ನಿಲ್ಲಿಸಿದ್ದಾರೆ. ಇದಕ್ಕೆ ತಿರುಮಲಸಾಗರ ಎಂದು ರಾಮಾನುಜರೇ ಹೆಸರಿಟ್ಟರಂತೆ. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್, ನಿಜಾಮನ ಮಗ, ತಿಳಿನೀರು ನೋಡಿ ಮೋತಿ ತಲಾಬ್ ಎಂದ. ಮುತ್ತಿನ ಕೆರೆ! ಶತ್ರುಗಳಿಗೆ ನೀರು ಸಿಗಬಾರದೆಂದು ಟಿಪ್ಪು ಇದೇ ಏರಿಯನ್ನು ಒಡೆಸಿದ. ಅಂಥ ಏರಿ ಮೇಲೆ ನಿಂತಿದ್ದೀರಿ. ಒಂದು ಸಲ ನೀರಿನ ಕಡೆ ನೋಡಿ, ಒಂದು ಸಲ ತಿರುಗಿ ಕೆಳಗಿನ ಗದ್ದೆ ನೋಡಿ. ಈ ಕಡೆಯ ನೀಲಿಯೇ ತೂಬಿನಿಂದ ಇಳಿದು ಆ ಕಡೆಯ ಹಸಿರಾಗಿದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ನೀರು ತಿಳಿಯಾಗಿದೆ ಎಂದು ಆಳ ಕಡಿಮೆ ಅಂದುಕೊಳ್ಳಬೇಡಿ. ಬಂಡೆ ಜಾರುತ್ತದೆ. ಈಜು ಬಂದರೂ ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ. ಇದನ್ನು ಕೈ ಮುಗಿದು ಹೇಳುತ್ತಿದ್ದೇನೆ. ತಂದ ಪ್ಲಾಸ್ಟಿಕ್ಕನ್ನು ಚೀಲದಲ್ಲೇ ವಾಪಸ್ ಒಯ್ಯಿರಿ. ಆ ನೀರು ಗದ್ದೆಗೆ ಹೋಗುತ್ತದೆ.

ವಾಪಸ್ ಬರುವಾಗ ದಾರಿಯಲ್ಲಿ ಆಲೆಮನೆ ಹೊಗೆ ಕಂಡರೆ ಗಾಡಿ ನಿಲ್ಲಿಸಿ. ಬಿಸಿ ಬೆಲ್ಲ ಒಂದು ಉಂಡೆ ಕೇಳಿ ಪಡೆಯಿರಿ. ಬಸ್ಸಿಗೆ ಬಂದವರು ಮಾತ್ರ ಕತ್ತಲಾಗುವ ಮೊದಲೇ ಪಾಂಡವಪುರ ಸೇರಿಕೊಳ್ಳಿ.