ಬೇಸಿಗೆಯಲ್ಲಿ ಮುಟುರಿದ ಮೆಣಸಿನ ಗಿಡ ಸರಿಹೋದ ಬಗೆ

ಏಪ್ರಿಲ್ ಬಿಸಿಲಿಗೆ ಕುಂಡದ ಮೆಣಸಿನ ಗಿಡ ಮುಟುರಿಕೊಂಡರೆ ಮೊದಲು ಎಲೆ ಯಾವ ಕಡೆ ಮಡಚಿದೆ ನೋಡಿ. ಅಂಚು ದೋಣಿಯಂತೆ ಮೇಲಕ್ಕೆ ಎದ್ದಿದ್ದರೆ ಥ್ರಿಪ್ಸ್, ಅಂದರೆ ಎಲೆಯ ರಸ ಹೀರುವ ಸಣ್ಣ ಹುಳು. ಕೆಳಕ್ಕೆ ಬಾಗಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ನಮ್ಮ ಗಿಡಗಳಲ್ಲಿದ್ದದ್ದು ಥ್ರಿಪ್ಸ್: ಬಿಳಿ ಹಾಳೆಯ ಮೇಲೆ ಕುಡಿ ತಟ್ಟಿದಾಗ ಸಣ್ಣ ಹಳದಿ ಹುಳುಗಳು ಉದುರಿ ಓಡಾಡಿದವು.

ತೀರಾ ಮುದುಡಿದ ಕುಡಿಗಳನ್ನು ಚಿವುಟಿ, ಚೀಲದಲ್ಲಿ ಕಟ್ಟಿ ಎಸೆದೆ. ಬೆಳಿಗ್ಗೆ ಎಲೆಯಡಿಗೆ ರಭಸವಾಗಿ ನೀರು ಹಾಯಿಸಿ, ಸಂಜೆ ಬೇವಿನೆಣ್ಣೆ ಸಿಂಪಡಿಸಿದೆ. ಅಳತೆ: 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿ.ಲೀ. ಎಣ್ಣೆ, 2 ಮಿ.ಲೀ. ದ್ರವ ಸೋಪು. ಸೋಪನ್ನು ಮೊದಲು ಎಣ್ಣೆಯಲ್ಲೇ ಚೆನ್ನಾಗಿ ಕಲಸಬೇಕು. ಇಲ್ಲವಾದರೆ ಎಣ್ಣೆ ಮೇಲೆ ತೇಲಿ, ಒಂದೇ ಕಡೆ ಬಿದ್ದು ಎಲೆ ಸುಡುತ್ತದೆ. ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆಯಲೇಬೇಕು. ಥ್ರಿಪ್ಸ್ ಮೊಟ್ಟೆಯಿಡುವುದು ಎಲೆಯ ಒಳಪದರದಲ್ಲಿ, ಅಲ್ಲಿಗೆ ಎಣ್ಣೆ ತಾಗದು.

ಮೈಟ್ ಆಗಿದ್ದರೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 2 ಗ್ರಾಂ. ಎಣ್ಣೆ ಹೊಡೆದ ಎರಡು ವಾರದೊಳಗೆ ಬೇಡ, ಉರಿಬಿಸಿಲಲ್ಲಂತೂ ಬೇಡವೇ ಬೇಡ.

ಮುದುಡಿದ ಹಳೆ ಎಲೆ ಮತ್ತೆ ಬಿಚ್ಚುವುದಿಲ್ಲ, ಹೊಸ ಚಿಗುರು ನೇರವಾಗಿ ಬರುತ್ತಿದೆಯೇ ಎಂದಷ್ಟೇ ಗಮನಿಸಿ. ಎಲೆ ಹಳದಿಗಟ್ಟಿ ಗಿಡವೇ ಕುಬ್ಜವಾಗಿದ್ದರೆ ಅದು ಬಿಳಿನೊಣ ಹರಡುವ ವೈರಸ್ ಇರಬಹುದು. ಅಂಥ ಗಿಡವನ್ನು ಕಿತ್ತುಬಿಡಿ.