ಬತ್ತಿದ ಸರೋವರ ಮತ್ತು ಅಸಂಗತಗೊಂಡ ನನ್ನ ಆಂಟಾಲಜಿ

ಭೌಗೋಳಿಕ ವಸ್ತುಗಳ ವರ್ಗೀಕರಣಕ್ಕಾಗಿ ಔಲ್ 2 (OWL 2) ಭಾಷೆಯಲ್ಲಿ ನಾನು ಬರೆದಿದ್ದ ಆಂಟಾಲಜಿಯನ್ನು, ಅಂದರೆ ವರ್ಗಗಳನ್ನೂ ಅವುಗಳ ಸಂಬಂಧಗಳನ್ನೂ ಕಂಪ್ಯೂಟರಿಗೆ ತಿಳಿಯುವಂತೆ ವಿವರಿಸಿದ ಮಾದರಿಯನ್ನು, ಅದರ ತರ್ಕವನ್ನು ಪರೀಕ್ಷಿಸುವ ತಂತ್ರಾಂಶವಾದ ರೀಸನರ್ ಅಸಂಗತವೆಂದು ತಿರಸ್ಕರಿಸಿತು. ವಿವರಣೆ ಕೇಳಿದಾಗ ಅದು ಬೊಟ್ಟು ಮಾಡಿದ್ದು ಆಸ್ಟ್ರೇಲಿಯಾದ ಐರ್ ಸರೋವರದ ಕಡೆಗೆ. ಬಹುಕಾಲ ಒಣಗಿಯೇ ಇರುವ ಅದನ್ನು ನಾನು ಸರೋವರವೆಂದೂ ಉಪ್ಪುಬಯಲೆಂದೂ ನಮೂದಿಸಿದ್ದೆ. ಸರೋವರವನ್ನು ಜಲರಾಶಿಯ ಉಪವರ್ಗವಾಗಿಯೂ ಉಪ್ಪುಬಯಲನ್ನು ಭೂರೂಪದ ಉಪವರ್ಗವಾಗಿಯೂ ಇಟ್ಟು, ಜಲರಾಶಿ ಮತ್ತು ಭೂರೂಪಗಳಿಗೆ ಸಾಮಾನ್ಯ ಸದಸ್ಯರಿರಲಾರರು ಎಂದು ಘೋಷಿಸಿದ್ದೆ.

ಮೊದಲು ಆ ಘೋಷಣೆಯನ್ನೇ ಅಳಿಸಿದೆ. ದೋಷ ಮಾಯವಾಯಿತು, ಆದರೆ ಬೆಟ್ಟವೊಂದನ್ನು ನದಿಯೆಂದು ಬರೆದರೂ ರೀಸನರ್ ತುಟಿ ಬಿಚ್ಚಲಿಲ್ಲ. ಅದು ಪರಿಹಾರವಲ್ಲ, ಕಾವಲುಗಾರನನ್ನು ಮನೆಗೆ ಕಳಿಸಿದಂತೆ. ಹಾಗಾಗಿ ಅದನ್ನು ಮರಳಿ ಸೇರಿಸಿ, ಸರೋವರವೆಂದರೆ ನೀರಲ್ಲ, ನೀರನ್ನು ಹಿಡಿದಿಡಬಲ್ಲ ತಗ್ಗು ಎಂದು ವ್ಯಾಖ್ಯಾನಿಸಿ ಭೂರೂಪದಡಿ ತಂದೆ. ಅದರಲ್ಲಿ ನಿಲ್ಲುವ ನೀರು ಆಂಟಾಲಜಿಯಲ್ಲಿ ಪ್ರತ್ಯೇಕ ವಸ್ತು; ತುಂಬಿರುವುದು ಕಾಲಬದ್ಧ ಸ್ಥಿತಿ. ಔಲ್‌ನದು ಮುಕ್ತಜಗತ್ತಿನ ಊಹೆ, ಅಂದರೆ ಹೇಳದೆ ಬಿಟ್ಟದ್ದು ಸುಳ್ಳಲ್ಲ, ಗೊತ್ತಿಲ್ಲದ್ದು ಮಾತ್ರ ಎಂಬ ನಿಲುವಾದ್ದರಿಂದ, ನೀರಿನ ದಾಖಲೆ ಇಲ್ಲವೆಂಬ ಮಾತ್ರಕ್ಕೆ ಸರೋವರ ಒಣಗಿದೆಯೆಂದು ಅದು ತೀರ್ಮಾನಿಸುವುದಿಲ್ಲ. ಒಣಗಿದ ಸ್ಥಿತಿಯನ್ನು ಸ್ಪಷ್ಟವಾಗಿಯೇ ಬರೆಯಬೇಕಾಯಿತು.

ಕೊಲ್ಲಿಯನ್ನು ಸಮುದ್ರದ ಉಪವರ್ಗವಾಗಿಸಿದ್ದ ತಪ್ಪೂ ಆಗಲೇ ಕಣ್ಣಿಗೆ ಬಿತ್ತು. ಕೊಲ್ಲಿಯು ಸಮುದ್ರದ ಒಂದು ಬಗೆಯಲ್ಲ, ಭಾಗ. ಅದಕ್ಕಾಗಿ 'ಭಾಗವಾಗಿದೆ' ಎಂಬ ಸಂಬಂಧವನ್ನು ಸಂಕ್ರಾಮಕವೂ (ಭಾಗದ ಭಾಗವೂ ಭಾಗವೇ) ಅಸಮಮಿತವೂ (ಒಂದು ಇನ್ನೊಂದರ ಭಾಗವಾದರೆ ಆ ಇನ್ನೊಂದು ಮೊದಲನೆಯದರ ಭಾಗವಾಗದು) ಆಗಿಸಲು ಹೊರಟೆ, ಆದರೆ ಔಲ್ 2ರ ನಿರ್ಬಂಧಿತ ರೂಪವಾದ ಡಿಎಲ್‌ನ ನಿಯಮಗಳು ಸಂಕ್ರಾಮಕ ಸಂಬಂಧಕ್ಕೆ ಅಸಮಮಿತಿಯನ್ನು ಜೋಡಿಸಲು ಬಿಡುವುದಿಲ್ಲ. ಸಂಕ್ರಾಮಕತೆಯನ್ನು ಉಳಿಸಿಕೊಂಡು, ಯಾವುದೇ ವಸ್ತು ಸುತ್ತಿ ಬಂದು ತನ್ನದೇ ಭಾಗವಾಗುತ್ತಿದೆಯೇ ಎಂಬುದನ್ನು ಈಗ ಇಂಥ ದತ್ತಾಂಶವನ್ನು ಪ್ರಶ್ನಿಸುವ ಭಾಷೆಯಾದ ಸ್ಪಾರ್ಕಲ್‌ನ (SPARQL) ಪ್ರಶ್ನೆಯೊಂದರಿಂದ ಪ್ರತ್ಯೇಕವಾಗಿ ಪರೀಕ್ಷಿಸುತ್ತಿದ್ದೇನೆ.