ನಡುರಾತ್ರಿ ನೀರು ಹುಡುಕಿದ ಗೆಳತಿ

ಮೂರು ವರ್ಷಗಳ ಹಿಂದೆ ಗೆಳತಿ, ಅವಳ ಗಂಡ ಮತ್ತು ಏಳು ವರ್ಷದ ಮಗಳು ಪರಊರಿನಿಂದ ಎರಡು ದಿನದ ಮಟ್ಟಿಗೆ ನಮ್ಮ ಮನೆಗೆ ಬಂದಿದ್ದರು. ಮನೆಯನ್ನು ಒಪ್ಪ ಓರಣ ಮಾಡಿದ್ದೆ. ಎಲ್ಲೆಲ್ಲಿ ಸುತ್ತಬೇಕೆಂಬ ಪಟ್ಟಿಯೂ ಸಿದ್ಧವಿತ್ತು. ಶನಿವಾರ ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಚ್ಚರವಾಗಿ ಹೊರಬಂದರೆ ಅಡುಗೆಮನೆಯಲ್ಲಿ ಮೊಬೈಲಿನ ಬೆಳಕು. ಗೆಳತಿ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದು ಕೈಯಿಂದ ಗೋಡೆ ತಡವುತ್ತಿದ್ದಳು. ಮಗಳಿಗೆ ಬಾಯಾರಿಕೆ. ಸ್ವಿಚ್ ಎಲ್ಲಿದೆಯೋ ಗೊತ್ತಿಲ್ಲ, ಕುಡಿಯುವ ನೀರು ಯಾವುದೋ ತಿಳಿಯದು, ಕಪಾಟು ತೆರೆದರೆ ಸದ್ದಾದೀತೆಂಬ ಅಂಜಿಕೆ ಬೇರೆ.

"ಒಂದು ಸಲ ಕೂಗಬಾರದಿತ್ತೇ?" ಎಂದೆ.

"ನಿನ್ನ ನಿದ್ದೆ ಕೆಡಿಸುವುದು ಯಾಕೆ ಎಂದುಕೊಂಡೆ" ಎಂದಳು.

ಇಪ್ಪತ್ತು ವರ್ಷಗಳ ಸ್ನೇಹ ನಮ್ಮದು. ಅಂಥವಳು ನನ್ನ ಮನೆಯಲ್ಲಿ ಒಂದು ಲೋಟ ನೀರಿಗೆ ಸಂಕೋಚಪಟ್ಟಳಲ್ಲ ಎಂಬ ನೋವು ಬಹಳ ದಿನ ಕಾಡಿತು. ಆಮೇಲೆ ಯಾರೇ ಉಳಿಯಲು ಬಂದರೂ ನನ್ನ ಸಿದ್ಧತೆಯೆಲ್ಲ ಈ ಸಂಕೋಚದ ಸುತ್ತಲೇ ನಡೆಯುತ್ತದೆ. ಅವರು ಏನೇನು ಕೇಳಬೇಕಾಗಬಹುದು, ಅದನ್ನು ಕೇಳದೆಯೇ ಸಿಗುವಂತೆ ಮಾಡುವುದು ಹೇಗೆ ಎಂದಷ್ಟೇ ಯೋಚಿಸುತ್ತೇನೆ.

ಅದಕ್ಕೆ ನಾನು ಕಂಡುಕೊಂಡ ದಾರಿ, ಅವರು ಬರುವ ವಾರ ಒಂದು ರಾತ್ರಿ ಅವರ ಕೋಣೆಯಲ್ಲಿ ನಾನೇ ಮಲಗುವುದು. ಮೊದಲ ಸಲ ಹಾಗೆ ಮಲಗಿದಾಗ ನನ್ನದೇ ಮನೆ ನನಗೆ ಹೊಸದಾಗಿ ಕಂಡಿತು. ಬೀದಿದೀಪದ ಬೆಳಕು ನೇರ ಮುಖಕ್ಕೆ ಬೀಳುತ್ತಿತ್ತು. ದೀಪ ಆರಿಸಲು ಹಾಸಿಗೆಯಿಂದ ಎದ್ದು ಬಾಗಿಲವರೆಗೆ ಹೋಗಬೇಕು. ಮೊಬೈಲ್ ಚಾರ್ಜ್ ಮಾಡುವ ಪ್ಲಗ್ ಕಪಾಟಿನ ಹಿಂದೆ ಸೇರಿಕೊಂಡಿತ್ತು. ಹಗಲಿನಲ್ಲಿ ಕಿವಿಗೇ ಬೀಳದ ಗೋಡೆ ಗಡಿಯಾರ ರಾತ್ರಿ ಹನ್ನೊಂದರ ನಂತರ ತಲೆಯ ಮೇಲೇ ಬಡಿದಂತೆ ಕೇಳುತ್ತಿತ್ತು. ಮರುದಿನವೇ ಗಡಿಯಾರ ತೆಗೆದೆ, ದಪ್ಪ ಪರದೆ ಹಾಕಿದೆ, ಉದ್ದ ತಂತಿಯ ಪ್ಲಗ್ ಬೋರ್ಡನ್ನು ದಿಂಬಿನ ಪಕ್ಕಕ್ಕೆ ತಂದೆ.

ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬಾರದಿರುವುದು ಬರೀ ನೆಪವಲ್ಲ. ಅಂಥ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ನಿದ್ರಿಸದೆ, ಸಣ್ಣ ಸದ್ದಿಗೂ ಎಚ್ಚೆತ್ತುಕೊಳ್ಳುವಂತೆ ಇರುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಅದನ್ನು ಓದಿದ ಮೇಲೆ ಬಂದ ಮರುದಿನ ಬೆಳಿಗ್ಗೆ ಯಾರನ್ನೂ ಬೇಗ ಎಬ್ಬಿಸುವ ಕಾರ್ಯಕ್ರಮ ಇಟ್ಟುಕೊಂಡಿಲ್ಲ.

ಕೋಣೆಯಲ್ಲಿ ಮುಚ್ಚಳವಿರುವ ನೀರಿನ ಜಗ್ಗು, ಎರಡು ಲೋಟ, ಒಂದು ಹೆಚ್ಚಿನ ಹೊದಿಕೆ, ವೈಫೈ ಪಾಸ್‌ವರ್ಡ್ ಬರೆದ ಚೀಟಿ ಇಡುತ್ತೇನೆ. ಬಂದ ಅರ್ಧ ಗಂಟೆಯೊಳಗೆ ಅವರನ್ನು ಮನೆಯೆಲ್ಲ ಸುತ್ತಿಸುತ್ತೇನೆ. ಬಾಯಲ್ಲಿ ಹೇಳಿದರೆ ಸಾಲದು, ಸ್ವಿಚ್ಚನ್ನು ಅವರ ಕೈಯಿಂದಲೇ ಒತ್ತಿಸಬೇಕು, ಕಪಾಟನ್ನು ಅವರಿಂದಲೇ ತೆರೆಸಬೇಕು. ಒಮ್ಮೆ ತೆರೆದ ಬಾಗಿಲನ್ನು ಎರಡನೆಯ ಸಲ ತೆರೆಯಲು ಯಾರೂ ಹಿಂಜರಿಯುವುದಿಲ್ಲ.

ಬಚ್ಚಲಿನದು ಬೇರೆಯದೇ ಲೆಕ್ಕ. ನಮ್ಮ ಗೀಸರ್ 15 ಲೀಟರಿನದು, 2 ಕಿಲೋವ್ಯಾಟ್. ತುಂಬ ಕಾದ ನೀರಿಗೆ ತಣ್ಣೀರು ಬೆರೆಸಿದರೆ ಸುಮಾರು 35 ಲೀಟರ್ ಹದವಾದ ನೀರು, ಅಂದರೆ ಒಬ್ಬರ ಸ್ನಾನ ಮತ್ತು ಸ್ವಲ್ಪ. ಮತ್ತೆ ಪೂರ್ತಿ ಕಾಯಲು 20 ನಿಮಿಷ ಬೇಕು. ಸ್ನಾನದ ಸಮಯವನ್ನೂ ಸೇರಿಸಿ ಒಬ್ಬರಿಗೆ ಅರ್ಧ ಗಂಟೆ ಹಿಡಿದರೆ, ಐದು ಜನರಲ್ಲಿ ಕೊನೆಯವರು ಎರಡು ಗಂಟೆ ಕಾಯಬೇಕು. ಮೊದಲ ಸಲ ಗೆಳತಿಯ ಗಂಡ ಮರುಮಾತಾಡದೆ ತಣ್ಣೀರು ಸುರಿದುಕೊಂಡು ಬಂದಿದ್ದರು. ಅದು ನನಗೆ ತಿಳಿದದ್ದು ಅವರು ಊರಿಗೆ ಮರಳಿದ ಮೇಲೆ. ಈಗ ನಾನೂ ನನ್ನ ಗಂಡನೂ ಹಿಂದಿನ ರಾತ್ರಿಯೇ ಸ್ನಾನ ಮುಗಿಸುತ್ತೇವೆ. ಬೆಳಗಿನ ಬಿಸಿನೀರು ಪೂರ್ತಿ ಬಂದವರದು.

ಫೋನಿನಲ್ಲಿ ಮೊದಲೇ ಕೇಳಿಕೊಳ್ಳುವುದು ಮೂರೇ ವಿಷಯ: ಏನು ತಿನ್ನುವುದಿಲ್ಲ, ಫ್ರಿಜ್‌ನಲ್ಲಿ ಇಡಬೇಕಾದ ಔಷಧಿ ಇದೆಯೇ, ಮೆಟ್ಟಿಲು ಹತ್ತಲು ತೊಂದರೆ ಇದೆಯೇ. "ಏನು ಮಾಡಲಿ?" ಎಂದು ಕೇಳುವುದಿಲ್ಲ, ಏಕೆಂದರೆ "ಏನಾದರೂ ಸರಿ" ಎಂಬ ಉತ್ತರವೇ ಬರುತ್ತದೆ. "ಇದೋ ಅದೋ?" ಎಂದು ಕೇಳಿದರೆ ಒಂದನ್ನು ಆರಿಸುತ್ತಾರೆ.

ಸುತ್ತಾಟದ ಪಟ್ಟಿಯನ್ನು ಬಿಟ್ಟೇಬಿಟ್ಟೆ. ಅಂದು ಒಂದೇ ದಿನದಲ್ಲಿ ನಾಲ್ಕು ಜಾಗ ತೋರಿಸಿದ್ದೆ. ನಾಲ್ಕನೆಯದನ್ನು ಮಗು ಅಪ್ಪನ ಹೆಗಲ ಮೇಲೆ ನಿದ್ದೆಯಲ್ಲೇ ಕಳೆಯಿತು. ರಾತ್ರಿ ಮಾತಾಡಲು ಯಾರಲ್ಲೂ ತ್ರಾಣ ಉಳಿದಿರಲಿಲ್ಲ. ಅಷ್ಟು ದೂರದಿಂದ ಅವರು ಬಂದದ್ದು ಮಾತಿಗೇ ಅಲ್ಲವೇ? ಈಗ ಎರಡು ದಿನಕ್ಕೆ ಒಂದೇ ತಿರುಗಾಟ, ಅದೂ ಅವರು ಬೇಕೆಂದರೆ.

ಇನ್ನೊಂದನ್ನು ಕಲಿಯಲು ನನಗೆ ಹೆಚ್ಚು ಕಾಲ ಹಿಡಿಯಿತು. ಕೈಜೋಡಿಸಲು ಬಂದವರನ್ನು "ಬೇಡ ಬೇಡ, ನೀವು ಕುಳಿತುಕೊಳ್ಳಿ" ಎಂದು ಹಿಂದಕ್ಕೆ ಕಳಿಸುತ್ತಿದ್ದೆ. ಅದನ್ನೇ ಮರ್ಯಾದೆ ಎಂದು ತಿಳಿದಿದ್ದೆ. ಎರಡನೆಯ ಸಲ ಬಂದಾಗ ಗೆಳತಿಯ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತರು. ತರಕಾರಿ, ಚಾಕು, ಹಲಗೆ ಮೂರನ್ನೂ ಅವರ ಮುಂದಿಟ್ಟೆ. ಅಲ್ಲಿಯವರೆಗೆ ನನ್ನೊಡನೆ ಹೌದು, ಇಲ್ಲಗಳಲ್ಲೇ ಮಾತಾಡುತ್ತಿದ್ದವರು ಅಂದು ಹೆಚ್ಚುತ್ತ ಹೆಚ್ಚುತ್ತ ತಮ್ಮ ತಾಯಿಯ ಕಾಯಿಲೆಯ ವಿಷಯ ತೆಗೆದರು. ತರಕಾರಿ ಮುಗಿದ ಮೇಲೂ ಬಹಳ ಹೊತ್ತು ಅಲ್ಲೇ ಕುಳಿತಿದ್ದೆವು. ಅಂದಿನ ಊಟ ತಡವಾಯಿತು, ಯಾರೂ ಕೇಳಲಿಲ್ಲ.

ಹೊರಡುವ ದಿನ ಅವರ ಬಸ್ಸಿನ ಸಮಯ ನನ್ನ ಮೊಬೈಲಿನಲ್ಲೂ ಇರುತ್ತದೆ. ಹೊರಡುವ ಒಂದು ಗಂಟೆ ಮೊದಲು ಊಟ ಮುಗಿಸಿ, "ಇನ್ನೊಂದು ದಿನ ಇರಬಹುದಿತ್ತು" ಎಂದು ಒಂದೇ ಸಲ ಹೇಳುತ್ತೇನೆ, ಒತ್ತಾಯಿಸುವುದಿಲ್ಲ. ಅವರು ಚಪ್ಪಲಿ ಹಾಕಿಕೊಳ್ಳುವಾಗ ನಾನು ಮೂರು ಕಡೆ ಕಣ್ಣಾಡಿಸಿ ಬರುತ್ತೇನೆ: ಪ್ಲಗ್ ಬೋರ್ಡು, ಬಚ್ಚಲಿನ ಕೊಕ್ಕೆ, ದಿಂಬಿನ ಅಡಿ. ಕಳೆದ ಸಲ ದಿಂಬಿನ ಅಡಿಯಲ್ಲಿ ಮಗುವಿನ ಬಣ್ಣದ ಪೆನ್ಸಿಲುಗಳ ಡಬ್ಬಿ ಸಿಕ್ಕಿತು. ಮಗುವಿಗೆ ಕೊಡಲು ಹೋದರೆ, "ಅದು ಇಲ್ಲೇ ಇರಲಿ, ಮುಂದಿನ ಸಲಕ್ಕೆ ಬೇಕಾಗುತ್ತದೆ" ಎಂದಳು.